ಕಲ್ಲುತೊಟ್ಟಿ ಛತ್ರದ ಈಶಾನ್ಯ ಮೂಲೆ

ಕೊಳ್ಳೇಗಾಲ
೭ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ರತ್ನ,

ಸಂಜೆ ಆರೂವರೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಎರಡು ದಿನದ ಬಟ್ಟೆ ಒಗೆದೆ. ಮಧ್ಯಾಹ್ನ ರಾಗಿ ಬೀಸಿಸಿಕೊಂಡು ಬಂದೆ. ಎಲ್ಲವನ್ನೂ ಹಲ್ಲು ಕಚ್ಚಿಕೊಂಡೇ ಮಾಡಿದೆ. ನಿನ್ನೆ ನಡೆದದ್ದನ್ನು ನಿನಗೆ ಬರೆಯದಿದ್ದರೆ ಈ ರಾತ್ರಿ ನನಗೆ ಊಟ ಇಳಿಯುವುದಿಲ್ಲ.

ದೀಪಾವಳಿಗೆ ಮೊದಲು ನೀನು ಬರೆದ ಕಾಗದಕ್ಕೆ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ನಿಮ್ಮಣ್ಣ ಹೋದ ಮೇಲೆ ಡೈರಿಯಲ್ಲಿ ದಿನಕ್ಕೆ ಎರಡು ಸಾಲು ಬರೆಯುವ ಅಭ್ಯಾಸ ಮಾತ್ರ ಉಳಿದಿದೆ, ಕಾಗದಕ್ಕೆ ಕೂತರೆ ಕೈ ಓಡುವುದಿಲ್ಲ. ಫೋನು ಮಾಡೋಣವೆಂದರೆ, ನಿನ್ನ ಕಿವಿ ಮಂದವಾದಾಗಿನಿಂದ ನಾನು ಇಲ್ಲಿ ಕೂಗುವುದು, ನೀನು ಸತ್ಯಮಂಗಲದಲ್ಲಿ "ಏನಂದೆ ಅತ್ತಿಗೆ?" ಅನ್ನುವುದು, ಬೀದಿಯವರು ನಾವಿಬ್ಬರೂ ಜಗಳಕ್ಕೆ ಬಿದ್ದೆವು ಅಂದುಕೊಳ್ಳುವುದು. ಕಿವಿಗೆ ಹಾಕುವ ಮಷಿನ್ನು ತಂದರಂತೆ, ಹಾಕಿಕೊಳ್ಳುತ್ತಿದ್ದೀಯಾ? ನಮ್ಮ ನಾಗರಾಜು ಚೆನ್ನಾಗಿದ್ದಾನೆ. ಅವನ ಗೂಡ್ಸ್ ಆಟೋಗೆ ಕೌದಳ್ಳಿ ಕಡೆಯ ಅಂಗಡಿಗಳ ಬಾಡಿಗೆ ಸಿಕ್ಕಿದೆ. ಬೆಳಿಗ್ಗೆ ಹೋದವನು ಕತ್ತಲಾದ ಮೇಲೆ ಬರುತ್ತಾನೆ.

ಈಗ ಛತ್ರದ ವಿಷಯ. ನಮ್ಮ ಬೀದಿ ಮುಗಿಯುವಲ್ಲಿರುವ ಕಲ್ಲುತೊಟ್ಟಿ ಛತ್ರವನ್ನು ಒಡೆದು ಮಳಿಗೆ ಕಟ್ಟಲು ನಗರಸಭೆಯವರು ಹೊರಟಿದ್ದು ನಿನಗೆ ಗೊತ್ತೇ ಇದೆ. ಹನೂರು ರಸ್ತೆಗೆ ಮುಖ ಮಾಡಿದ ಜಾಗ, ಎಲ್ಲರ ಕಣ್ಣೂ ಅದರ ಮೇಲೆ. ಬೀದಿಯವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಅದು ಪಾರಂಪರಿಕ ಕಟ್ಟಡ ಹೌದೋ ಅಲ್ಲವೋ ನೋಡಿ ಹೇಳಲು ನಿನ್ನೆ ಮೈಸೂರಿನಿಂದ ಸಮಿತಿ ಬಂದಿತ್ತು. ಪಟ್ಟಿಗೆ ಸೇರಿದರೆ ಯಾರೂ ಅದರ ಒಂದು ಕಲ್ಲು ಅಲ್ಲಾಡಿಸುವ ಹಾಗಿಲ್ಲ. ಸೇರದಿದ್ದರೆ ಸಂಕ್ರಾಂತಿಯೊಳಗೆ ನೆಲಸಮ.

ಮೂರು ಜನ ಬಂದಿದ್ದರು. ಕನ್ನಡಕದ ಹಿರಿಯ ಅಧಿಕಾರಿ ಒಬ್ಬರು, ಬರೆದುಕೊಳ್ಳುವ ಗುಮಾಸ್ತ ಒಬ್ಬ, ಮತ್ತೆ ಶಿವರಂಜನಿ ಅಂತ ಮೂವತ್ತು ವರ್ಷದ ಎಂಜಿನಿಯರ್ ಹುಡುಗಿ. ಅವರ ಹಿಂದೆ ಮುಂದೆ ಓಡಾಡಲು ನಮ್ಮ ವಾರ್ಡಿನ ಸದಸ್ಯ ಪ್ರಭುಸ್ವಾಮಿ. ಮಳಿಗೆಯ ನಕ್ಷೆ ಅವನ ಕಂಕುಳಲ್ಲೇ ಇತ್ತು. ಹೆಣದ ಮನೆಗೆ ಬಂದವನು ಮದುವೆ ಛತ್ರಕ್ಕೆ ಮುಂಗಡ ಕೊಟ್ಟು ಬಂದ ಹಾಗೆ.

ಗುಮಾಸ್ತ ಒಂದು ಫಾರಂ ತೆಗೆದ. ಮೊದಲನೇ ಕಾಲಂ, ಕಟ್ಟಿಸಿದವರು ಯಾರು? ಬಾಗಿಲ ಮೇಲಿನ ಕಲ್ಲಿನಲ್ಲಿ ಹೆಸರಿರಬೇಕು ಅಂದೆವು. ಕಟ್ಟಿದವರು ಯಾರು ಅಂತ ಕಾಲಂ ಇದೆಯಾ ಎಂದು ನಾನು ಕೇಳಿದೆ. ಇಲ್ಲವಂತೆ. ರತ್ನ, ನಿಮ್ಮ ತಾತ ಹನ್ನೆರಡು ಕಂಬ ನಿಲ್ಲಿಸಿ, ಸುಣ್ಣ ಅರೆದು, ತಲೆಯ ಮೇಲೆ ಆ ತಾರಸಿ ಕೂರಿಸಿದರಲ್ಲ, ಅವರಿಗೆ ಆ ಹಾಳೆಯಲ್ಲಿ ಒಂದು ಗೆರೆಯಷ್ಟು ಜಾಗವಿಲ್ಲ. ಮುಂದಿನ ಕಾಲಂ, ಇಲ್ಲಿ ಯಾರಾದರೂ ಮಹನೀಯರು ತಂಗಿದ್ದರೇ? ನಾನು ನಿನ್ನ ಹೆಸರು ಬರೆಸಿಬಿಡೋಣ ಅಂದುಕೊಂಡೆ. ಅತ್ತೆ ಹಿಂದಿನ ಅಡುಗೆ ಕೋಣೆಯ ತಾರಸಿ ಬಡಿಯುತ್ತಿದ್ದಾಗ ನೋವು ಬಂದು, ಇದೇ ಜಗಲಿಯ ಮೇಲೆ ಸೀರೆ ಮರೆ ಕಟ್ಟಿ ನಿನ್ನನ್ನು ಹೆತ್ತರಲ್ಲ. ಯಳಂದೂರಿಂದ, ಸತ್ತೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ತಲೆತಲಾಂತರ ಇಲ್ಲಿ ಮಲಗೆದ್ದಿದ್ದಾರೆ. ಲೊಕ್ಕನಹಳ್ಳಿಯವರು ಸಂತೆಗೆ ದನ ಹೊಡೆದುಕೊಂಡು ಬಂದು ಆ ಕಲ್ಲುತೊಟ್ಟಿಯಲ್ಲಿ ನೀರು ಕುಡಿಸಿದ್ದಾರೆ. ಅವರೆಲ್ಲ ಮಹನೀಯರಲ್ಲವಂತೆ. ಗುಮಾಸ್ತ "ಇಲ್ಲ" ಅಂತ ಬರೆದುಕೊಂಡ.

ಆಮೇಲೆ ಕನ್ನಡಕದವರು, "ಮೈಸೂರಿನಲ್ಲಿ ಹಳೇ ಕಡತವೆಲ್ಲ ಹುಡುಕಿಸಿದೆವು. ಈ ಕಟ್ಟಡದ ಹೆಸರೇ ಎಲ್ಲೂ ಇಲ್ಲ. ಹಾಗಾಗಿ ಇದು ಇತ್ತೀಚಿನದು ಅಂತ ಕಾಣುತ್ತೆ" ಎಂದರು.

ಜಗಲಿಯ ತುದಿಯಲ್ಲಿ ಗಾಡಿ ಚಿಕ್ಕಮಾದಪ್ಪ ಮಾವ ಕೋಲು ಊರಿಕೊಂಡು ಕೂತಿದ್ದರು. ಎಂಬತ್ತಾರಾಯಿತು, ಬೆಟ್ಟಕ್ಕೆ ಗಾಡಿ ಹೊಡೆದ ಬೆನ್ನು ಇನ್ನೂ ನೆಟ್ಟಗಿದೆ.

"ಸಾ, ಎಲ್ಲಿ ಹುಡುಕ್ದ್ರಿ ಅಂದ್ರಿ?"

"ಮೈಸೂರಲ್ಲಿ ಅಜ್ಜ."

"ಅಲ್ಲೆಲ್ಲಿ ಸಿಕ್ತದೆ ಸಾ? ಆಗ ನಾವು ಮೈಸೂರ್ನೋರೇ ಅಲ್ಲ ಕಣ್ ಸಾ. ಮದ್ರಾಸ್ ಸರ್ಕಾರ, ಕೊಯಮತ್ತೂರ್ ಜಿಲ್ಲೆ. ನಮ್ಮಪ್ಪ ಕೋರ್ಟ್ಗೆ ಓಗ್ಬೇಕಂದ್ರೆ ಘಾಟಿ ಇಳ್ದು ಓಗವ. ಕೂಸು ಉಟ್ಟಿದ್ದು ತವ್ರು ಮನೆಲಿ, ನೀವು ಅತ್ತೆ ಮನೆಲಿ ತೊಟ್ಲು ಹುಡುಕ್ತಾ ಕುಂತಿದ್ದೀರಿ."

ಜನ ನಕ್ಕರು. ಶಿವರಂಜನಿಯೂ ನಕ್ಕಳು. ಕನ್ನಡಕದವರಿಗೆ ಮಾತ್ರ ಮುಖ ಬಿಗಿಯಿತು. ಇಷ್ಟು ದೂರ ಕಾರು ಹತ್ತಿ ಬರುವವರಿಗೆ, ಈ ಊರು ಯಾವ ಕಾಲದಲ್ಲಿ ಯಾವ ರಾಜ್ಯದಲ್ಲಿತ್ತು ಅಂತ ಹೊರಡುವ ಮುಂಚೆ ಗೊತ್ತಿರಬಾರದೇ? ಏಳನೇ ತರಗತಿ ಓದಿದ ನನಗೆ ಗೊತ್ತು.

ಪ್ರಭುಸ್ವಾಮಿ ಅಷ್ಟಕ್ಕೇ ಬಿಡಲಿಲ್ಲ. "ಅದಕ್ಕೇ ನೋಡಿ ಸಾ, ಬಾಗ್ಲ ಮೇಲೆ ತಮಿಳು ಬರ್ದವ್ರೆ. ಕನ್ನಡ ನಾಡಲ್ಲಿ ತಮಿಳು ಕಲ್ಲಿಗೆ ನಾವು ರಕ್ಷಣೆ ಕೊಡ್ಬೇಕಾ?" ಅಂದ. ಎಂಥ ಮಾತು! ನಿನ್ನನ್ನು ಸತ್ಯಮಂಗಲಕ್ಕೆ ಕೊಟ್ಟಾಗ ಈ ಬೀದಿಯಲ್ಲಿ ಯಾರೂ ಅದನ್ನು ಹೊರದೇಶ ಅನ್ನಲಿಲ್ಲ. ಅವನ ಸ್ವಂತ ಅಜ್ಜಿ ಗಡಿಯಾಚೆಯ ತಾಳವಾಡಿಯವಳು. ನಾನು ಅದನ್ನೇ ಅವನ ಮುಖಕ್ಕೆ ಹೇಳಿದೆ. "ಅಕ್ಕಾರೆ, ನಿಮ್ಗೆ ಇದೆಲ್ಲ ತಿಳಿಯಾಕಿಲ್ಲ, ಸುಮ್ಕಿರಿ" ಅಂದ.

ಆ ಕಲ್ಲಿನಲ್ಲಿ ಏನಿದೆ ಅಂತ ಇಲ್ಲಿ ಓದಬಲ್ಲವರು ಈಗ ಯಾರೂ ಉಳಿದಿಲ್ಲ. ಇವತ್ತು ಸ್ಟೂಲು ಹಾಕಿಕೊಂಡು ಹತ್ತಿ, ಕ್ಯಾಲೆಂಡರ್ ಹಾಳೆಯನ್ನು ಕಲ್ಲಿಗೆ ಒತ್ತಿಹಿಡಿದು, ಇದ್ದಿಲು ಉಜ್ಜಿ ಅಕ್ಷರ ಎತ್ತಿಕೊಂಡಿದ್ದೇನೆ. ಈ ಕಾಗದದ ಜೊತೆ ಮಡಿಸಿಟ್ಟಿದ್ದೇನೆ. ನೀನು ಅಲ್ಲಿ ಬಾಳಿ ಕಲಿತ ತಮಿಳು ಇದಕ್ಕಾದರೂ ಆಗಲಿ, ಓದಿ ಬರೆ.

ಕೊನೆಗೆ ಎಲ್ಲರೂ ತಾರಸಿಗೆ ಹತ್ತಿದರು. ನಾನೂ ಹತ್ತಿದೆ. ಹತ್ತಿ ಎಷ್ಟು ತಿಂಗಳಾಗಿತ್ತು! ಅಲ್ಲಿ ಕಾಲಿಟ್ಟರೆ ನನಗೆ, ತಾತನ ತಾರಸಿಗೆ ನಿಮ್ಮಪ್ಪ ಮತ್ತೆ ಸುಣ್ಣದ ಗಾರೆ ಹಾಕಿಸಿದಾಗ ನಾವಿಬ್ಬರೂ ಹದಿನೆಂಟು ಇಪ್ಪತ್ತರಲ್ಲಿ ಹನ್ನೆರಡು ಹೆಂಗಸರ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂದೆ ಹಿಂದೆ ಸರಿಯುತ್ತಾ ಮರದ ಕೊಡತಿಯಲ್ಲಿ ಗಾರೆ ಬಡಿದದ್ದೇ ಕಾಣುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುವುದು, ಬಡಿಯುವುದು. ಹಸಿ ಗಾರೆ ದಬ್ ದಬ್ ಅನ್ನುತ್ತಿತ್ತು. ಏಳೆಂಟು ದಿನ ಬಡಿದ ಮೇಲೆ ಒಂದು ಹೊತ್ತಿನಲ್ಲಿ ಸದ್ದು ಬದಲಾಗಿ, ಕೊಡತಿಯನ್ನೇ ಮೇಲಕ್ಕೆ ಎಸೆಯುತ್ತಿತ್ತು. ನಿನ್ನ ಕಿವಿಯೇ ಎಲ್ಲರಿಗಿಂತ ಚುರುಕು. "ರತ್ನ ಸಾಕು ಅಂದ್ಲು ಕಣ್ರೀ, ಏಳಿ" ಎಂದು ನಿಮ್ಮಪ್ಪ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಆ ಕಿವಿ ಈಗ ಹೀಗಾಯಿತಲ್ಲ ಅಂತ ಅಲ್ಲೇ ನಿಂತು ನೆನೆಸಿಕೊಂಡೆ.

ಶಿವರಂಜನಿ ಒಂದು ಸಣ್ಣ ಮರದ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟುತ್ತಾ ಬಂದಳು. ಈಶಾನ್ಯ ಮೂಲೆಯಲ್ಲಿ ಸದ್ದು ಬೇರೆಯಾಯಿತು, ಒಣ ಸದ್ದು. ಚೂಪಾದ ಉಳಿಯಿಂದ ಒಂದೇ ಒಂದು ಕಡೆ ಕೆರೆದಳು. ಮೇಲಿನ ಸುಣ್ಣದ ಕೆಳಗೆ ಬೂದು ಪುಡಿ ಬಂತು. "ಸಿಮೆಂಟ್" ಅಂದಳು.

ಪ್ರಭುಸ್ವಾಮಿಗೆ ಕೈಗೆ ಸಕ್ಕರೆ ಸಿಕ್ಕ ಹಾಗಾಯಿತು. "ಕೊನೇಲಿ ರಿಪೇರಿ ಮಾಡ್ದೋನು ನಮ್ಮ ಮಾದಸ್ವಾಮಿ ಮೇಸ್ತ್ರಿನೇ ಸಾ. ಎಲ್ಲ ಸಿಮೆಂಟ್ ಬಳ್ದು, ಮೇಲೆ ಸುಣ್ಣ ಒಡ್ದವ್ನೆ. ಇನ್ನ ಯಾತರ ಹಳೇದು?"

ರತ್ನ, ನನಗೆ ಆಗ ಏನಾಯಿತೋ ಗೊತ್ತಿಲ್ಲ. ನಿಮ್ಮಣ್ಣ ಒಂದು ವೀಳ್ಯದೆಲೆಯನ್ನೂ ಕೇಳದೆ, ಯಾರೂ ಕರೆಯದೆ, ತಾತನ ಕೆಲಸ ಅಂತ ಹತ್ತಿ ಮಾಡಿದ್ದು. ಮಾಡುತ್ತಾ ಮಾಡುತ್ತಾ ಉಸಿರು ಕಟ್ಟಿತು, ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಹೋದವರ ಹೆಸರನ್ನು ಹೀಗೆ ಕಾಲಲ್ಲಿ ತುಳಿಯುವುದೇ? ಎಲ್ಲರೆದುರೂ ಕೂಗಿಬಿಟ್ಟೆ. "ನನ್ನ ಗಂಡ ಜಲ್ಮದಲ್ಲಿ ಸಿಮೆಂಟು ಮುಟ್ದೋರಲ್ಲ! ಗಾರೇಲಿ ಉಟ್ಟಿ ಗಾರೇಲೇ ಓದ್ರು!"

ಕೆಳಗಿನಿಂದ ಚಿಕ್ಕಮಾದಪ್ಪ ಮಾವನ ದನಿ ಬಂತು. "ಔದು ಸಾ. ಮಾದಸ್ವಾಮಿ ಅಂಥೋನಲ್ಲ. ಮಾದಪ್ಪನಾಣೆ ಇಕ್ತೀನಿ."

ಅವರು ಸುಮ್ಮಸುಮ್ಮನೆ ಆಣೆ ಇಡುವವರಲ್ಲ, ಅದು ಎಲ್ಲರಿಗೂ ಗೊತ್ತು. ಶಿವರಂಜನಿ ನನ್ನ ಮುಖವನ್ನೇ ನೋಡಿ, "ಹಾಗಾದರೆ ಇದನ್ನು ಯಾರು, ಯಾವಾಗ ಹಾಕಿದರಮ್ಮ?" ಎಂದು ಮೆಲ್ಲಗೆ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. ಗುಮಾಸ್ತ ಅದನ್ನೂ ಬರೆದುಕೊಂಡ.

ಹಳೇ ಕಟ್ಟಡ, ಎಂಥೆಂಥವರೋ ಕೈ ಆಡಿಸಿರುತ್ತಾರೆ. ಅಷ್ಟಕ್ಕೆ ಇಡೀ ಛತ್ರವೇ ಸುಳ್ಳಾಗುತ್ತದೆಯೇ? ನೀನೇ ಹೇಳು.

ಮಕ್ಕಳಿಗೆ ನನ್ನ ಹರಕೆ. ಬೇಗ ಬರೆ.

ನಿನ್ನ ಅತ್ತಿಗೆ
ಗೋವಿಂದಮ್ಮ

 

ಕೊಳ್ಳೇಗಾಲ
೨೩ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ರತ್ನ,

ಸಂಜೆ ಐದು ಗಂಟೆ. ಬೆಳಿಗ್ಗೆ ಎದ್ದು ಛತ್ರದ ಜಗಲಿ ಗುಡಿಸಿ ಬಂದೆ, ಹಿತ್ತಲಲ್ಲಿ ಅವರೆಕಾಯಿ ಬಿಡಿಸಿದೆ, ಆಮೇಲೆ ಇಡೀ ಮಧ್ಯಾಹ್ನ ಹಳೇ ಡೈರಿಗಳನ್ನು ಮುಂದೆ ಹಾಕಿಕೊಂಡು ಕೂತಿದ್ದೆ. ನಿನ್ನ ಕಾಗದ ಬಂದು ಐದು ದಿನವಾಯಿತು. ನಾಲ್ಕು ಸಲ ಓದಿದೆ. ಉತ್ತರ ತಡವಾಗಿದ್ದಕ್ಕೆ ಈ ಸಲ ನನ್ನ ಕೈಯನ್ನು ದೂರಬೇಡ, ಕಾರಣ ಬೇರೆ ಇದೆ.

ನೀನು ಓದಿ ಬರೆದ ಆ ಕಲ್ಲಿನ ಮಾತನ್ನು ಚಿಕ್ಕಮಾದಪ್ಪ ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನಡೆದು ಬಂದವರು, ದನ ಹೊಡೆದುಕೊಂಡು ಬಂದವರು, ಮಳೆಗೆ ಸಿಕ್ಕಿದವರು ಮೂರು ರಾತ್ರಿ ಇರಬಹುದು. ಯಾವ ಊರೆಂದು ಕೇಳಬಾರದು." ಮಾವ, "ಯಾವ ಊರು ಅಂತ ಕೇಳ್ಬ್ಯಾಡಿ ಅಂತ ಬರ್ದವ್ನೆ. ಇವರು ಕಲ್ಲನ್ನೇ ಯಾವ ಊರು ಅಂತ ಕೇಳ್ತಾವ್ರಲ್ಲ ಮಗಾ" ಅಂದರು.

ಮದ್ರಾಸ್ ಕಾಲದ ದಾಖಲೆ ಸಿಕ್ಕೀತೇನೋ ಅಂತ ನಿನ್ನ ದೊಡ್ಡ ಮಗ ಕೊಯಮತ್ತೂರಿಗೆ ಹೋಗಿ ವಿಚಾರಿಸಿದನಂತಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಅವನು ಕಳಿಸಿದ ಪ್ರತಿಯನ್ನು ನಾಗರಾಜು ನಗರಸಭೆಗೆ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದ. ಛತ್ರ ನೂರು ವರ್ಷ ದಾಟಿದ್ದು ಈಗ ಕಾಗದದ ಮೇಲೂ ಇದೆ. ವಯಸ್ಸಿನ ವಿಷಯದಲ್ಲಿ ಅವರ ಬಾಯಿ ಮುಚ್ಚಿತು.

ಆದರೆ ಗುರುವಾರ ಕರಡು ವರದಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಒಂದೂವರೆ ಪುಟ. ಅದರ ಕೊನೆಯ ಮಾತು ನನಗೆ ಬಾಯಿಪಾಠವಾಗಿದೆ. "ತಾರಸಿಯನ್ನು ಯಾವುದೋ ಕಾಲದಲ್ಲಿ ಯಾರೋ ಸಿಮೆಂಟಿನಿಂದ ಪುನಃ ನಿರ್ಮಿಸಿರುವ ಸಾಧ್ಯತೆ ಇದ್ದು, ಕಟ್ಟಡದ ಮೂಲ ಸ್ವರೂಪ ಉಳಿದಿಲ್ಲ. ಪಟ್ಟಿಗೆ ಸೇರಿಸಲು ಶಿಫಾರಸು ಮಾಡಲಾಗುವುದಿಲ್ಲ." ಯಾವುದೋ ಕಾಲದಲ್ಲಿ, ಯಾರೋ! ನಿಮ್ಮ ತಾತನಿಗೆ ಒಂದು ಕಾಲಂ ಇಲ್ಲದ ಕಾಗದದಲ್ಲಿ, ಹಾಳು ಮಾಡಿದವರಿಗೆ ಮಾತ್ರ ಎರಡು ಸಾಲು ಜಾಗವಿದೆ. ಹನ್ನೆರಡು ಹೆಂಗಸರು ರಟ್ಟೆ ಬಿದ್ದುಹೋಗುವ ತನಕ ಬಡಿದ ತಾರಸಿ ಎಲ್ಲಿ ಹೋಯಿತಂತೆ? ಗಾಳಿಗೆ ಹಾರಿಹೋಯಿತೇ? ಆ ಬೋರ್ಡಿನ ಮುಂದೆ ನಿಂತು, ಹರಿದು ಹಾಕಲೇ ಅಂದುಕೊಂಡೆ. ಗಾಜು ಹಾಕಿ ಬೀಗ ಹಾಕಿದ್ದಾರೆ.

ಅಲ್ಲಿಂದ ಬರುವಾಗ ಟೀ ಅಂಗಡಿ ಮುಂದೆ ಪ್ರಭುಸ್ವಾಮಿ ಕೂತಿದ್ದ. "ಅಕ್ಕಾರೆ, ಬ್ಯಾಸರ ಮಾಡ್ಕಬ್ಯಾಡಿ. ಮಳಿಗೆ ಆದ್ಮೇಲೆ ನಾಗರಾಜಂಗೆ ಒಂದು ಅಂಗ್ಡಿ ಕೊಡುಸ್ತೀನಿ. ಮೇಸ್ತ್ರಿ ಹೆಸ್ರಲ್ಲೇ ಬೋರ್ಡ್ ಆಕ್ಸಿ ಬೇಕಾರೆ" ಅಂದ. ಪಕ್ಕದವರು ಕಿಸಿಕಿಸಿ ನಕ್ಕರು. "ನಿಮ್ಮ ಅಂಗ್ಡೀಲಿ ನನ್ನ ಗಂಡನ ಹೆಸ್ರು ಯಾಕೆ? ನಿಮ್ಮ ಅಜ್ಜಿ ಹೆಸ್ರು ಆಕ್ಸಿ, ತಮಿಳಲ್ಲಿ" ಅಂದೆ. ಆಗ ನಕ್ಕವರು ಬೇರೆಯವರು.

ಮನೆಗೆ ಬಂದು ಹೇಳಿದರೆ ನಾಗರಾಜು, "ಬುಡವ್ವ, ಒಡ್ದಾಕ್ಲಿ. ಅಪ್ಪನೇ ಇಲ್ಲ, ಇನ್ನ ತಾರಸಿ ತಕಂಡು ಏನ್ ಮಾಡೀಯೆ" ಅಂದ. ಸಿಟ್ಟಿನಿಂದ ಅಂದದ್ದಲ್ಲ, ಸಂಕಟದಿಂದ ಅಂದದ್ದು. ಆದರೂ ಅವತ್ತು ಅವನಿಗೆ ಊಟ ಬಡಿಸಲಿಲ್ಲ, ಅವನೇ ಹಾಕಿಕೊಂಡು ತಿಂದ.

ನಿನ್ನೆ ಶನಿವಾರ ಶಿವರಂಜನಿ ಒಬ್ಬಳೇ ಬಸ್ಸಿನಲ್ಲಿ ಬಂದಳು. ಸಮಿತಿಯ ಕಾರಿಲ್ಲ, ರಜೆಯ ದಿನ. ನಮ್ಮ ಮನೆ ಹುಡುಕಿಕೊಂಡು ಬಂದು, ಛತ್ರದ ಜಗಲಿಯ ಮೇಲೆ ಕೂತು ಮಾತಾಡೋಣ ಬನ್ನಿ ಅಂದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಇಷ್ಟು ಓದಿದ್ದೀಯ, ಇಷ್ಟು ಸಣ್ಣ ಬುದ್ಧಿ ಇಲ್ಲವೇ ಅಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಅಮ್ಮಾ, ಈ ವರದಿ ನನಗೂ ಇಷ್ಟವಿಲ್ಲ. ಆದರೆ ನಾನು ಕೆರೆದ ಕಡೆ ಸಿಮೆಂಟ್ ಇದ್ದದ್ದು ನಿಜ. ಅದು ಆರಡಿಯೋ, ಅರವತ್ತಡಿಯೋ ನನಗೆ ಗೊತ್ತಿಲ್ಲ. ಹಳೇ ಗಾರೆಯೂ ಅಲ್ಲಲ್ಲಿ ಪೊಳ್ಳಾಗಿದೆ, ಸದ್ದಿನ ಮೇಲೆ ಹೇಳಕ್ಕಾಗಲ್ಲ. ಮೇಲೆ ಒಂದೇ ಸಮ ಸುಣ್ಣ ಬಳಿದಿದ್ದಾರೆ. ಇನ್ನೊಂದು ಕಡೆ ಕೆರೆಯೋಕೆ ನಗರಸಭೆಯವರು ಅನುಮತಿ ಕೊಡ್ತಿಲ್ಲ. ಯಾಕೆ ಕೊಡ್ತಿಲ್ಲ ಅಂತ ನಿಮಗೂ ಗೊತ್ತು."

"ಮತ್ತೆ ನಾನೇನ್ ಮಾಡ್ಲವ್ವ?"

"ಮಾಡಿದವರು, ಇಲ್ಲಾ ಮಾಡಿದ್ದನ್ನು ನೋಡಿದವರು ಯಾರಾದರೂ ಸೋಮವಾರ ನಗರಸಭೆಯಲ್ಲಿ ಆಕ್ಷೇಪಣೆ ಕೇಳುವ ಸಭೆಗೆ ಬಂದು ಹೇಳಿಕೆ ಕೊಡಬೇಕು. ಇಷ್ಟು ಉದ್ದ, ಇಷ್ಟು ಅಗಲ, ಇಂಥ ದಿನ ಅಂತ. ಒಂದು ಮೂಲೆ ಮಾತ್ರ ಅಂತಾದರೆ ಅದನ್ನು ಬಿಡಿಸಿ ಮತ್ತೆ ಗಾರೆ ಹಾಕಿಸಬಹುದು. ಉಳಿದ ತಾರಸಿ ಮೂಲದ್ದೇ ಅಂತ ನಾನು ಬರೆದುಕೊಡ್ತೀನಿ. ಯಾರೂ ಬರದಿದ್ದರೆ ಪೂರ್ತಿ ಸಿಮೆಂಟು ಅಂತಲೇ ಲೆಕ್ಕ."

ಹೋಗುವಾಗ ಅವಳು ಕಂಬಕ್ಕೆ ಅಂಗೈ ಒತ್ತಿ ಒಂದು ಗಳಿಗೆ ನಿಂತಳು. ದನದ ಮೈ ಸವರಿದ ಹಾಗೆ ಸವರಿದಳು. ಅವಳ ಮೇಲೆ ನನಗಿದ್ದ ಕೋಪ ಅಲ್ಲಿಗೆ ಮುಗಿಯಿತು. ಕೋಪ ಮುಗಿದ ಮೇಲೆ ಅದರ ಅಡಿಯಲ್ಲಿದ್ದದ್ದು ಕಾಣತೊಡಗಿತು.

ಚಿಕ್ಕಮಾದಪ್ಪ ಮಾವ ನಾಳಿನ ಸಭೆಗೆ ಬಿಳೀ ಪಂಚೆ ಒಗೆಸಿ ಇಟ್ಟುಕೊಂಡಿದ್ದಾರೆ. "ನೀನು ಎದ್ರುಕಬ್ಯಾಡ ಮಗಾ. ಅವತ್ತು ಮಾದಪ್ಪನಾಣೆ ಇಕ್ಕಿವ್ನಿ, ನಾಳೀಕೆ ಎಲ್ರ ಮುಂದೆ ಕರ್ಪೂರ ಅತ್ಸಿ ಇಕ್ತೀನಿ. ಮಾದಸ್ವಾಮಿ ಕೈಯಿ ನಂಗೊತ್ತು" ಅನ್ನುತ್ತಾರೆ. ಈ ವಯಸ್ಸಿನಲ್ಲಿ ಅವರಿಗೆ ಉಳಿದಿರುವುದು ಆ ಮಾತೊಂದೇ. ಹೆಂಡತಿ ಇಲ್ಲ, ಗಾಡಿ ಇಲ್ಲ, ಎತ್ತಿಲ್ಲ. ಅವರ ಮಾತಿಗೆ ಮಾತ್ರ ಇನ್ನೂ ಬೀದಿಯಲ್ಲಿ ಬೆಲೆಯಿದೆ.

ನೀನು ನಿನ್ನ ಕಾಗದದಲ್ಲಿ ಬರೆದಿದ್ದೀಯ: "ಅತ್ತಿಗೆ, ನೀನು ಕೂಗಿದ್ದು ಸರಿಯಾಯಿತು. ಅಣ್ಣ ನನ್ನ ಕೈ ಹಿಡಿದುಕೊಂಡು, ಎಲ್ಲ ಗಾರೆಯಲ್ಲೇ ಮುಗಿಸಿದೆ ಕಣವ್ವ ಅಂದಿದ್ದ. ನನ್ನ ಕಿವಿಗೆ ಸರಿಯಾಗಿ ಕೇಳಿಸಿದ ಅವನ ಕಡೇ ಮಾತು ಅದು." ಅದನ್ನೇ ನಾಲ್ಕು ಸಲ ಓದಿದ್ದು. ಓದಿದಾಗಲೆಲ್ಲ ಕಾಗದ ಮಡಿಸಿ ಡೈರಿಯೊಳಗೆ ಇಟ್ಟು ಎದ್ದು ಹೋಗುತ್ತಿದ್ದೆ. ಉತ್ತರ ತಡವಾಗಿದ್ದು ಇದಕ್ಕೆ.

ಚಳಿ ಶುರುವಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ. ಮೊಮ್ಮಗಳ ಕಾಲ್ಗೆಜ್ಜೆಯ ಸದ್ದು ನಿನಗೆ ಮಷಿನ್ನಿಲ್ಲದೆಯೇ ಕೇಳಿಸುವಂತಾಗಲಿ. ನಿನ್ನ ಮನೆಯವರಿಗೆ ನನ್ನ ನಮಸ್ಕಾರ, ಮಕ್ಕಳೆಲ್ಲ ನೂರು ಕಾಲ ಬಾಳಲಿ.

ನಿನ್ನ ಅತ್ತಿಗೆ
ಗೋವಿಂದಮ್ಮ

ಮತ್ತೊಂದು ಮಾತು, ರತ್ನ. ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಲು ಹೋದವಳು ಮತ್ತೆ ಕೂತಿದ್ದೇನೆ.

ಸಿಮೆಂಟು ತಂದವಳು ನಾನು.

ನನ್ನ ಡೈರಿಯಲ್ಲಿ ೨೦೨೪ ಫೆಬ್ರವರಿ ಹನ್ನೆರಡು, ಸೋಮವಾರದ ಹಾಳೆಯಲ್ಲಿ "ಇವತ್ತು ಮೂಲೆ ಮುಗಿಯಿತು" ಅಂತ ಒಂದೇ ಸಾಲಿದೆ. ಉಳಿದದ್ದನ್ನು ನಾನು ಎಲ್ಲೂ ಬರೆಯಲಿಲ್ಲ. ಆಗ ನಿಮ್ಮಣ್ಣನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ. ಮೈಸೂರಿನ ದೊಡ್ಡ ಡಾಕ್ಟರು ಹದಿನಾಲ್ಕಕ್ಕೆ ಬನ್ನಿ ಅಂದಿದ್ದರು. ಇವರು ಮೂಲೆ ಮುಗಿಯದೆ ಬರುವುದಿಲ್ಲ ಅಂತ ಹಟ ಹಿಡಿದರು. ಗಾರೆ ಹದಕ್ಕೆ ಬರಲಿ ಅಂತ ಕೊಳೆಯಲು ಹಾಕಿದರೆ ಇನ್ನೂ ಎರಡು ವಾರ. ಹಾಕಿದ ಮೇಲೆ ಬಡಿಯಬೇಕು. ಬಡಿಯುವವರು ಯಾರು? ನಮ್ಮ ಸಾಲಿನ ಹನ್ನೆರಡು ಜನರಲ್ಲಿ ಇಲ್ಲಿ ಉಳಿದವರು ಮೂವರು. ನನ್ನ ಬಲಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ.

ಬಚ್ಚಲು ಕಟ್ಟೆಗೆ ಅಂತ ಸುಳ್ಳು ಹೇಳಿ ನಾಗರಾಜನ ಆಟೋದಲ್ಲಿ ಒಂದು ಮೂಟೆ ತರಿಸಿದೆ. ಅವನು ಬಾಡಿಗೆಗೆ ಹೋದ ಮೇಲೆ ಬಕೆಟ್ಟಿನಲ್ಲಿ ಹೊತ್ತು ಮೇಲೆ ಹಾಕಿದೆ. ನಿಮ್ಮಣ್ಣ ಅದನ್ನು ನೋಡಿ, "ಸುಣ್ಣ ಉಸಿರಾಡ್ತದೆ ಕಣೆ, ಇದು ಬಾಯಿ ಮುಚ್ತದೆ. ತೊಲೆ ಕೊಳ್ತೋಯ್ತದೆ" ಅಂದರು. ನಾನು ಅಂದೆ, "ನಿಮ್ಮ ಉಸಿರಿಗಿಂತ ಅದರ ಉಸಿರು ಎಚ್ಚಾ? ಹಾಕಿ ಮುಗಿಸಿ, ಇಲ್ಲದಿದ್ರೆ ಇಲ್ಲೇ ಹಾರ್ಕೋತೀನಿ." ಆ ಮಾತು ಆಡಿದೆ, ರತ್ನ.

ಅವರು ಹಾಕಿದರು. ಕರಣೆಯಲ್ಲಿ ನಯ ಮಾಡಿ ಮುಗಿಸಿ, ಅಭ್ಯಾಸದ ಮೇಲೆ ಪಕ್ಕದಲ್ಲಿದ್ದ ಕೊಡತಿ ಎತ್ತಿಕೊಂಡರು. ಎತ್ತಿಕೊಂಡವರು ಹಾಗೇ ನಿಂತು, "ಓ, ಇದನ್ನ ಬಡಿಯಂಗಿಲ್ಲ ಅಲ್ವಾ" ಅಂತ ಕೆಳಗಿಟ್ಟರು. ಮಾರನೇ ದಿನ ತೆವಳಿಕೊಂಡು ಹತ್ತಿ ಇಡೀ ತಾರಸಿಗೆ ಒಂದೇ ಸಮ ಸುಣ್ಣ ಬಳಿದರು. ನನ್ನ ಕೆಲಸ ಯಾರ ಕಣ್ಣಿಗೂ ಬೀಳದಿರಲಿ ಅಂತ. ಹದಿನಾಲ್ಕಕ್ಕೆ ಮೈಸೂರಿಗೆ ಹೋದೆವು. ಆರು ತಿಂಗಳು ಮುಂಚೆ ಬರಬೇಕಿತ್ತು ಅಂದರು. ಅಷ್ಟು ಅವಸರ ಮಾಡಿದ್ದೆಲ್ಲ ಆ ಒಂದು ಮಾತು ಕೇಳಲು.

ಯುಗಾದಿಗೆ ನಾಲ್ಕು ದಿನ ಮುಂಚೆ, ನೀನು ಬಂದು ಕೂತಿದ್ದಾಗ, ಅವರು ನಿನಗೆ ಸುಳ್ಳು ಹೇಳಿದ್ದು ನನ್ನ ಮುಖ ನೋಡಿಕೊಂಡೇ. ಅವರ ಬಾಯಲ್ಲಿ ನಾನು ಕೇಳಿದ ಒಂದೇ ಸುಳ್ಳು ಅದು. ನಿನ್ನ ಕಿವಿಗೆ ಉಳಿದಿರುವ ಕಡೇ ಮಾತನ್ನು ಕಿತ್ತುಕೊಳ್ಳುತ್ತಿದ್ದೇನೆ, ಕ್ಷಮಿಸು ಅಂತ ಕೇಳಲು ಬಾಯಿಲ್ಲ. ನಿಮ್ಮಣ್ಣ ಸುಳ್ಳು ಹೇಳಿದ್ದು ನನಗಾಗಿ ಅಂತ ಮಾತ್ರ ತಿಳಿದಿರು.

ಅವತ್ತು ತಾರಸಿಯ ಮೇಲೆ ಆ ಹುಡುಗಿ ಈಶಾನ್ಯ ಮೂಲೆಗೆ ಬರುವ ಮುಂಚೆಯೇ ನನಗೆ ಸದ್ದು ಕೇಳಿಸಿತ್ತು. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು. ಮೈಸೂರಿನವರ ಮೇಲೆ, ಪ್ರಭುಸ್ವಾಮಿಯ ಮೇಲೆ ಈ ಎರಡು ಕಾಗದದಲ್ಲಿ ಸುರಿದಿರುವ ಸಿಟ್ಟು ಸುಳ್ಳಲ್ಲ, ಅವರಿಗೆ ಅದು ಸಲ್ಲಬೇಕಾದದ್ದೇ. ಆದರೆ ಅದರಲ್ಲಿ ಅರ್ಧ ನನ್ನದು, ನನಗೆ ಬರಬೇಕಾದದ್ದು.

ಅಳತೆ ಆರಡಿ ಉದ್ದ, ನಾಲ್ಕಡಿ ಅಗಲ. ಮೂಟೆಯಲ್ಲಿ ಕಾಲು ಭಾಗ ಉಳಿದು ಹಿತ್ತಲಲ್ಲಿ ಕಲ್ಲಾಗಿ ಕೂತಿದೆ. ಅದನ್ನೂ ಡೈರಿಯನ್ನೂ ತೆಗೆದು ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾಗರಾಜನಿಗೆ ಇನ್ನೂ ಹೇಳಿಲ್ಲ, ಅವನು ಊಟಕ್ಕೆ ಕೂತಾಗ ಹೇಳುತ್ತೇನೆ.

ಚಿಕ್ಕಮಾದಪ್ಪ ಮಾವ ಬೆಳಿಗ್ಗೆ ಏಳಕ್ಕೆಲ್ಲ ಸ್ನಾನ ಮುಗಿಸಿ ಮನೆ ಮುಂದೆ ಕೂತಿರುತ್ತಾರೆ. ಮೊದಲು ಅಲ್ಲಿಗೆ ಹೋಗಬೇಕು. ಸಭೆ ಇರುವುದು ಹನ್ನೊಂದಕ್ಕೆ.